ಸುರಂಗದ ಕಥೆಯನ್ನು 32 ಜನರ ಬ್ಯಾಂಡಿಗೆ ಬರೆಯುವುದು ಹೇಗೆ?

ಕೋಟೆ ಓಣಿ, ಬೀದರ

ಎಲ್ಲರಿಗೂ ನಮಸ್ಕಾರ್ರಿ. ಗೆಳೆಯರೊಬ್ಬರ ಇನ್ನೂ ಅಚ್ಚಾಗದ ಫ್ಯಾಂಟಸಿ ಕಾದಂಬರಿ ಇಟ್ಟುಕೊಂಡು ಬ್ಯಾಂಡಿಗಾಗಿ 8 ನಿಮಿಷದ ಕೃತಿ ಬರೀತಿದ್ದೀನಿ. ಕಥೆ ಇಷ್ಟು: ನಮ್ಮ ಕರೇಜ್‌ನಂಥ (ನೆಲದಡಿಯ ಹಳೆಯ ನೀರಿನ ಕಾಲುವೆ) ಒಂದು ಸುರಂಗ, ಅದರ ತಳದಲ್ಲಿ ಒಂದು ಊರು. ಅಲ್ಲಿನ ರಾಜ ಜನರ ದನಿ ಕಸಿದು ಹೂಜಿಗಳಲ್ಲಿ ತುಂಬಿಡುತ್ತಾನೆ. ಮೇಲಿನಿಂದ ಇಳಿದ ಹುಡುಗಿಯೊಬ್ಬಳು ಆ ಹೂಜಿಗಳನ್ನು ಒಡೆಯುತ್ತಾಳೆ.

ವಾದ್ಯಗಳು: ಕೊಳಲು (ವೆಸ್ಟರ್ನ್) 3, ಕ್ಲಾರಿನೆಟ್ 8, ಆಲ್ಟೊ ಸ್ಯಾಕ್ಸ್ 3, ಟೆನರ್ ಸ್ಯಾಕ್ಸ್ 1, ಟ್ರಂಪೆಟ್ 5, ಟ್ರಾಂಬೋನ್ 3, ಯೂಫೋನಿಯಂ 2 (ಕೆಳದನಿಯ ಹಿತ್ತಾಳೆ ವಾದ್ಯ, ಮೂರು ವಾಲ್ವಿನವು), ಸೂಸಾಫೋನ್ 1, ತಾಳವಾದ್ಯಕ್ಕೆ 6 ಜನ. ಫ್ರೆಂಚ್ ಹಾರ್ನ್ ಇಲ್ಲ. ನುಡಿಸುವವರು ಎರಡು-ಮೂರು ವರ್ಷ ಕಲಿತ ಹುಡುಗರು.

ಮುಖ್ಯ ಧುನ್ ಭೈರವ ರಾಗದಲ್ಲಿದೆ, ಷಡ್ಜ ಪಾಶ್ಚಾತ್ಯ ಸಿ ಸ್ವರ. 14 ಅಧ್ಯಾಯಕ್ಕೆ ತಲಾ ಅರ್ಧ ನಿಮಿಷ ಹಂಚಿದ್ದೀನಿ. ಮ್ಯೂಸ್‌ಸ್ಕೋರ್‌ನಲ್ಲಿ (ಸ್ವರಲಿಪಿ ಬರೆದು ಕೇಳಿಸುವ ಕಂಪ್ಯೂಟರ್ ತಂತ್ರಾಂಶ) ಕೇಳಿದರೆ ಛಲೋ ಅನಿಸ್ತದ, ಹುಡುಗರು ನುಡಿಸಿದರೆ ಯೂಫೋನಿಯಂನ ಷಡ್ಜವೇ ಏರಿ ನಿಲ್ತದ, ಒಟ್ಟು ಕೃತಿ ತುಂಡು ತುಂಡಾಗಿ ಕೇಳ್ತದ. ಹಲಗಿ, ಸಂಬಾಳ (ಜೋಡಿ ಚರ್ಮವಾದ್ಯ) ಸೇರಿಸಬೇಕು ಅಂತಲೂ ಆಸೆ. ಕಾರ್ಯಕ್ರಮ ಮೇ ತಿಂಗಳಲ್ಲಿ. ಎಲ್ಲಿ ತಪ್ಪಿದೀನಿ?

ಬ್ರಾಸ್ ಕಲಬುರಗಿ

ಅಧ್ಯಾಯಗಳನ್ನು ಬಿಡಿ ಸರ್, ತುಂಡಾಗುತ್ತಿರುವುದು ಅಲ್ಲೇ. ಅರ್ಧ ನಿಮಿಷದಲ್ಲಿ ಒಂದು ಧುನ್ ಕಿವಿಗೆ ಬೀಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಡಚ್ ಸಂಗೀತ ರಚನಕಾರ ಜೋಹಾನ್ ಡಿ ಮೇಯ್ 'ದ ಲಾರ್ಡ್ ಆಫ್ ದ ರಿಂಗ್ಸ್' ಹೆಸರಿನ ತಮ್ಮ ಮೊದಲ ಸಿಂಫನಿಯನ್ನು ಬ್ಯಾಂಡಿಗೆಂದೇ ಬರೆದರು, 1988ರಲ್ಲಿ ಬ್ರಸೆಲ್ಸ್‌ನಲ್ಲಿ ಅದರ ಮೊದಲ ಪ್ರಯೋಗ ಆಯಿತು. ಅಷ್ಟು ದೊಡ್ಡ ಕಾದಂಬರಿಗೆ ಅವರು ಇಟ್ಟದ್ದು ಐದೇ ಭಾಗ. ಒಂದೊಂದು ಭಾಗ ಒಬ್ಬ ಪಾತ್ರ, ಇಲ್ಲವೇ ಒಂದು ಸ್ಥಳ, ಒಂದು ಪಯಣ. ಗೊಲ್ಲಮ್ ಎಂಬ ಪಾತ್ರಕ್ಕೆ ಸೊಪ್ರಾನೊ ಸ್ಯಾಕ್ಸ್ ಕೊಟ್ಟಿದ್ದಾರೆ, ಆ ದನಿ ಬಂದರೆ ಸಾಕು, ಯಾರು ಬಂದರೆಂದು ಗೊತ್ತಾಗುತ್ತದೆ.

ನಿಮ್ಮ 8 ನಿಮಿಷಕ್ಕೆ ನಾಲ್ಕು ಘಟ್ಟ ಸಾಕು. ಲಯ ಮೊದಲು ಗೊತ್ತು ಮಾಡಿದರೆ ಎಷ್ಟು ಬಾರ್ (ಇಲ್ಲಿ ನಾಲ್ಕು ಮಾತ್ರೆಯ ಒಂದು ಆವರ್ತ) ಬರೆಯಬೇಕೆಂಬುದು ತಾನೇ ಸಿಗುತ್ತದೆ. ಇಳಿಯುವುದು: ನಿಮಿಷಕ್ಕೆ 64 ಮಾತ್ರೆ, ನಾಲ್ಕರ ಎಣಿಕೆ, ಎರಡೂವರೆ ನಿಮಿಷ, 40 ಬಾರ್. ರಾಜ: 96ರಲ್ಲಿ ಎರಡು ನಿಮಿಷ, 48 ಬಾರ್. ದನಿಯಿಲ್ಲದ ಊರು ಮತ್ತು ಹೂಜಿ ಒಡೆಯುವುದು: ಒಂದು ನಿಮಿಷ, ಎಣಿಕೆ ಇಲ್ಲದೆ. ಮೇಲೆ ಹತ್ತಿ ಬರುವುದು: 132ರಲ್ಲಿ ಎರಡೂವರೆ ನಿಮಿಷ, ಸುಮಾರು 82 ಬಾರ್.

ಇಳಿಯುವ 40 ಬಾರ್‌ಗೆ ಕರೇಜ್ ತಾನೇ ನಕ್ಷೆ ಕೊಟ್ಟಿದೆ. ಸುರಂಗ ಸಣ್ಣ ಇಳಿಜಾರಿನಲ್ಲಿ ಸಾಗುತ್ತದೆ, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ, ಅದರಿಂದ ಬೆಳಕು. ಎಂಟು ಬಾರ್‌ಗೊಂದು ಕಿಂಡಿ ಇಡಿ, ಐದು ಕಿಂಡಿ ಆಗುತ್ತವೆ. ಕೆಳಗೆ ಕ್ಲಾರಿನೆಟ್‌ಗಳು ನಡೆಯುತ್ತಿರಲಿ, ಕಿಂಡಿ ಬಂದಾಗ ಮೇಲೆ ಎರಡು ಬಾರ್ ಷಡ್ಜ-ಪಂಚಮ ಮಾತ್ರ. ಮೊದಲ ಕಿಂಡಿಗೆ ಮೂರು ಕೊಳಲು, ಮ್ಯೂಟ್ ಹಾಕಿದ ಎರಡು ಟ್ರಂಪೆಟ್. ಮುಂದಿನ ಪ್ರತಿ ಕಿಂಡಿಗೂ ಒಂದೊಂದು ವಾದ್ಯ ಕಡಿಮೆ. ಐದನೆಯದಕ್ಕೆ ಒಂದೇ ಕೊಳಲು. ಆಳ ಕೇಳಿಸಬೇಕೆಂದರೆ ಕೆಳಸ್ವರ ಹೆಚ್ಚಿಸುವುದಕ್ಕಿಂತ ಮೇಲಿನ ಬೆಳಕು ತೆಗೆಯುವುದೇ ಮೇಲು.

ರಾಜನಿಗೆ ಬೇರೆ ಧುನ್ ಬರೆಯಲೇಬೇಡಿ. ಕದ್ದ ದನಿಗಳೇ ಅವನ ಆಸ್ತಿ. ಹುಡುಗಿಯ ಧುನ್ ಅನ್ನೇ ಎರಡು ಪಟ್ಟು ನಿಧಾನ ಮಾಡಿ ಟ್ರಾಂಬೋನ್ ಮತ್ತು ಸೂಸಾಫೋನ್‌ಗೆ ಕೊಡಿ.

ಯಾದಗಿರಿ ಕ್ಲಾರಿನೆಟ್

ಷಡ್ಜದ ಮಾತು ನಾನು ಹೇಳ್ತೀನಿ. ಯೂಫೋನಿಯಂನ ಕೆಳಗಿನ ಸಿ ಬರುವುದು 1 ಮತ್ತು 3ನೇ ವಾಲ್ವ್ ಒಟ್ಟಿಗೆ ಒತ್ತಿದಾಗ. ಎರಡು ಕೊಳವೆ ಕೂಡಿದಾಗ ಬೇಕಾದಷ್ಟು ಉದ್ದ ಸಿಗದು, ಸ್ವರ ಏರುತ್ತದೆ. ನಾಲ್ಕನೇ ವಾಲ್ವ್ ಇದ್ದರೆ ಅದೊಂದನ್ನೇ ಒತ್ತಿ ಸರಿ ಮಾಡಬಹುದಿತ್ತು. ಟ್ರಂಪೆಟ್‌ನ ಕೆಳಗಿನ ಷಡ್ಜಕ್ಕೂ ಅದೇ ಬೆರಳು, ಅದೇ ದೋಷ. ಅವರಾದರೂ ಮೂರನೇ ವಾಲ್ವಿನ ಸ್ಲೈಡ್ (ಜಾರುವ ಕೊಳವೆ) ಸುಮಾರು ಒಂದು ಸೆಂ.ಮೀ. ಎಳೆಯಬಹುದು. ಹುಡುಗರ ತಪ್ಪಿಲ್ಲ, ಏರುವ ಸ್ವರದ ಮೇಲೇ ನೀವು ಷಡ್ಜ ಕೂರಿಸಿದ್ದೀರಿ.

ಷಡ್ಜವನ್ನು ಎಫ್‌ಗೆ ಒಯ್ಯಿರಿ. ಯೂಫೋನಿಯಂ, ಟ್ರಂಪೆಟ್, ಸೂಸಾಫೋನ್ ಮೂರಕ್ಕೂ ವಾಲ್ವ್ ಒತ್ತದೆ ಬರುವ ಸ್ವರ ಅದು. ಭೈರವ ಆಗ ಹೀಗೆ: ಎಫ್, ಜಿ ಫ್ಲಾಟ್, ಎ, ಬಿ ಫ್ಲಾಟ್, ಸಿ, ಡಿ ಫ್ಲಾಟ್, ಇ. ಎಫ್ ಮೇಜರ್ ಚಿಹ್ನೆ ಇಟ್ಟು ಜಿ ಮತ್ತು ಡಿಗೆ ಮಾತ್ರ ಅಲ್ಲಲ್ಲೇ ಫ್ಲಾಟ್ ಹಾಕಿದರೆ ಓದಲು ಸುಲಭ. ಕ್ಲಾರಿನೆಟ್ ಹಾಳೆಯಲ್ಲಿ ಅದು ಜಿಯಿಂದ, ಆಲ್ಟೊ ಸ್ಯಾಕ್ಸ್ ಹಾಳೆಯಲ್ಲಿ ಡಿಯಿಂದ ಶುರುವಾಗುತ್ತದೆ.

ಇದರಲ್ಲಿ ನಷ್ಟ ಬರುವುದು ನಮ್ಮ ಕ್ಲಾರಿನೆಟ್‌ಗೆ. ನಡುವಿನ ಜಿಯಿಂದ ಹತ್ತಿದರೆ ಕೋಮಲ ರಿಷಭದಿಂದ ಗಾಂಧಾರಕ್ಕೆ ಹೋಗುವಾಗಲೇ ರಿಜಿಸ್ಟರ್ (ವಾದ್ಯದ ಕೆಳಗಿನ ಸ್ವರವಲಯದಿಂದ ಮೇಲಿನದಕ್ಕೆ) ದಾಟಬೇಕು. ಹೆಚ್ಚುಕಡಿಮೆ ಏನೂ ಒತ್ತದ ಬೆರಳುಗಳು ಒಮ್ಮೆಲೇ ಎಲ್ಲ ತೂತು ಮುಚ್ಚಬೇಕು, ಒಂದು ಬೆರಳು ಸರಿದರೂ ಕಿರ್ ಅನ್ನುತ್ತದೆ. ಎಂಟು ಜನರಲ್ಲಿ ಒಬ್ಬರಿಗಾದರೂ ಅದು ಆಗಿಯೇ ಆಗುತ್ತದೆ. ಧುನ್ ಅನ್ನು ಒಂದು ಸಪ್ತಕ ಕೆಳಗೆ ಬರೆಯಿರಿ. ಆ ಕಂದು ಬಣ್ಣದ ದನಿ ಸುರಂಗಕ್ಕೆ ಒಪ್ಪುತ್ತದೆ.

ಟ್ರಾಂಬೋನ್‌ಗೆ ಸ, ಕೋಮಲ ರೆ, ಗ, ಮ ಅಂದರೆ ಸ್ಲೈಡಿನ ಸ್ಥಾನಗಳು 1-5-2-1. ರಾಜನ ನಿಧಾನಕ್ಕೆ ಇದು ಸರಿ. ಕೊನೆಯ 132ರಲ್ಲಿ ಮಾತ್ರ ಇದನ್ನು ಅವರಿಗೆ ಕೊಡಬೇಡಿ, ಸ್ವರಗಳೆಲ್ಲ ಜಾರಿ ಒಂದರೊಳಗೊಂದು ಕಲೆಸಿಹೋಗುತ್ತವೆ. ಅಲ್ಲಿ ಧುನ್ ಯೂಫೋನಿಯಂ ಮತ್ತು ಆಲ್ಟೊ ಸ್ಯಾಕ್ಸ್‌ಗೆ ಇರಲಿ. ಹಾರ್ನ್ ಇಲ್ಲದ ಕೊರತೆಯೂ ಆ ಜೋಡಿಯಿಂದ ತುಂಬುತ್ತದೆ.

ಕಂಪ್ಯೂಟರ್ ಕೇಳಿಸಿದ್ದನ್ನು ನಂಬಬೇಡಿ. ಅದರಲ್ಲಿ ಕೊಳಲಿನ ಕೆಳಸಪ್ತಕ ಐದು ಟ್ರಂಪೆಟ್ ಮೇಲೂ ತೇಲುತ್ತದೆ, ಸಭೆಯಲ್ಲಿ ತೇಲುವುದಿಲ್ಲ.

ಹಲಗಿ ಮೇಳ, ಸುರಪುರ

ಹಲಗಿ ಹಾಕ್ರಿ ಅಣ್ಣಾ, ಆದ್ರ ಶುರುವಿನಿಂದ ಹಾಕಬ್ಯಾಡ್ರಿ. ಮುಚ್ಚಿದ ಸಭಾದಾಗ ಒಂದ ಹಲಗಿ ಇಡೀ ಕ್ಲಾರಿನೆಟ್ ಸಾಲ್ ಮುಚ್ಚಿ ಹಾಕ್ತದ. ರಾಜನ ಭಾಗದಾಗ ಸಂಬಾಳ ಸಾಕು, ಹಲಗಿ ಹೂಜಿ ಒಡದ ಮ್ಯಾಲೆ ಬರ್ಲಿ. ಅಲ್ಲಿತನಕ ಕೇಳದ ದನಿ ಅದು, ಅವಾಗ ಬಂದ್ರ ಜೀವ ಬರ್ತದ.

ಹಲಗಿಯವ್ರಿಗೆ ಸ್ಟಾಫ್ ನೊಟೇಶನ್ ಕೊಟ್ರ ಉಪಯೋಗಿಲ್ಲ. ವರಸಿ (ಬಡಿಯೋ ಮಟ್ಟು) ಬಾಯಿಲೆ ಹೇಳಿ ಕಲಸ್ರಿ, ಹಾಳಿ ಮ್ಯಾಲೆ "ಮೊದಲ್ನೇ ವರಸಿ 8 ಸಲ, ಎರಡ್ನೇದು 4 ಸಲ, ನಿಲ್ಲು" ಅಂತ ಬರೀರಿ. ದೊಡ್ಡ ಡ್ರಮ್ಮಿನ ಬಾಜೂಕ ನಿಲ್ಲಸ್ರಿ. ಹುರುಪು ಬಂದಂಗ ಹಲಗಿ ಓಡ್ತದ, ಡ್ರಮ್ ಹಗ್ಗ ಇದ್ದಂಗ ಹಿಡೀತದ. ಚರ್ಮದ ಹಲಗಿ ಆದ್ರ ಹೊರಗ ಕಾಯಿಸಿ ತರ್ರಿ, ಇನ್ನೊಂದು ಕಾಯಿಸಿದ್ದು ಜೋಡಿ ಇರ್ಲಿ.

ಕೋಟೆ ಓಣಿ, ಬೀದರ

ಭಾಳ ಉಪಕಾರ ಆಯ್ತ್ರಿ. ಎಫ್‌ಗೆ ಬದಲಾಯಿಸ್ತೀನಿ. ಎರಡು ಪ್ರಶ್ನೆ ಉಳಿದವು. ದನಿಯಿಲ್ಲದ ಊರನ್ನು ಬ್ಯಾಂಡ್ ಹೇಗೆ ನುಡಿಸಬೇಕು? ವೇದಿಕೆ ಮೇಲೆ ಖರೇನೇ ಹೂಜಿ ಒಡೀಬಹುದಾ? ಮತ್ತೆ, ನಡುವೆ ಕಾದಂಬರಿಯ ಕೆಲವು ಸಾಲು ಓದಿಸಬೇಕು ಅಂತ ಇದೆ.

ಬ್ರಾಸ್ ಕಲಬುರಗಿ

ಹೂಜಿ ಒಡೆಯಬೇಡಿ. ಚೂರು ಸಿಡಿದು ಕಣ್ಣಿಗೆ ಬೀಳಬಹುದು, ಸಪ್ಪಳವೂ ಹಿಂದಿನ ಸಾಲಿಗೆ ಮುಟ್ಟದು. ಸುಮಾರು 40 ಸೆಂ.ಮೀ. ಉದ್ದದ ಎರಡು ಹಲಗೆಪಟ್ಟಿಗಳಿಗೆ ಒಂದು ತುದಿಯಲ್ಲಿ ಕೀಲು ಹಾಕಿಸಿ ಚಟ್ಟನೆ ಬಡಿಯಿರಿ, ಒಡೆದ ಹಾಗೇ ಕೇಳುತ್ತದೆ.

ದನಿಯಿಲ್ಲದ ಊರಿಗೆ ಟ್ರಂಪೆಟ್, ಟ್ರಾಂಬೋನ್‌ನವರು ತುಟಿ ಕಂಪಿಸದೆ ಬರೀ ಗಾಳಿ ಊದಲಿ, ಸ್ಯಾಕ್ಸ್‌ನವರು ಊದದೆ ಕೀಲಿ ಮಾತ್ರ ಬಡಿಯಲಿ. ಎಂಟು ಕ್ಲಾರಿನೆಟ್‌ನವರ ಕೈಯಲ್ಲಿ ಎಂಟು ಗಾಜಿನ ಬಾಟಲಿ, ಬಾಯಿಯ ಅಂಚಿಗೆ ಊದಿದರೆ ಹೂಜಿಯೊಳಗಿನ ದನಿ. ನೀರು ಹೆಚ್ಚು ಹಾಕಿದಷ್ಟೂ ಸ್ವರ ಏರುತ್ತದೆ, ನಾಲ್ಕನ್ನು ಷಡ್ಜಕ್ಕೆ, ನಾಲ್ಕನ್ನು ಕೋಮಲ ರಿಷಭಕ್ಕೆ ಹೊಂದಿಸಿ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ. ಪಟ್ಟಿ ಬಡಿದ ಕೂಡಲೇ ಬಾಟಲಿ ಇಟ್ಟು ಕ್ಲಾರಿನೆಟ್ ಎತ್ತಿಕೊಳ್ಳಲು 6 ಸೆಕೆಂಡ್ ಬೇಕು, ಆ ಹೊತ್ತಿಗೆ ಒಂದು ಸಿಂಬಲ್ ನಾದ ಆರುತ್ತಿರಲಿ. ಆಮೇಲೆ ಎಂಟೂ ಜನ ಅದೇ ಧುನ್ ಅನ್ನು ತಮತಮಗೆ ಬೇಕಾದ ವೇಗದಲ್ಲಿ ನುಡಿಸಲಿ, 15 ಸೆಕೆಂಡ್.

ಸಾಲು ಓದಿಸುವುದಾದರೆ ಗೆಳೆಯರಾದರೂ ಒಪ್ಪಿಗೆಯನ್ನು ಬರೆಸಿಕೊಳ್ಳಿ: ಹೆಸರು ಬಳಸಲು, ಓದಿಸಲು, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಲು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಬರೆದವರ ಜೀವಿತಕಾಲ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ನಾಳೆ ಪ್ರಕಾಶಕರು ಬಂದಾಗ ಆ ಪತ್ರವೇ ನಿಮ್ಮ ಕೈಹಿಡಿಯುವುದು.

ಯಾದಗಿರಿ ಕ್ಲಾರಿನೆಟ್

ಮೇ ಅಂದಿದ್ದೀರಿ, ಆದ್ದರಿಂದ ಇನ್ನೊಂದು ಮಾತು. ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸ್ವರ ಸುಮಾರು 3 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಏರುತ್ತದೆ. ನಮ್ಮ ಕಡೆ 40 ದಾಟಿದ ದಿನ ಕೊಳಲು, ಟ್ರಂಪೆಟ್ ಎಲ್ಲವೂ ಮೇಲೇ ಇರುತ್ತವೆ, ಗ್ಲಾಕೆನ್‌ಸ್ಪೀಲ್‌ನ ಲೋಹದ ಪಟ್ಟಿ ಮಾತ್ರ ಏರುವುದಿಲ್ಲ. ಅದನ್ನು ಕೊಳಲಿನ ಜೊತೆ ಒಂದೇ ಸ್ವರದಲ್ಲಿ ಬರೆದಿದ್ದರೆ ಈಗಲೇ ತೆಗೆಯಿರಿ, ಕಿಂಡಿಗೆ ಮುಂಚಿನ ಬಾರ್‌ನಲ್ಲಿ ಒಂಟಿ ಹನಿಯಂತೆ ಒಂದೊಂದೇ ಸ್ವರ ಬೀಳಲಿ. ಶ್ರುತಿ ಮಾಡುವುದು ಹುಡುಗರು ಸಭೆಯೊಳಗೆ ಹತ್ತು ನಿಮಿಷ ಊದಿದ ಮೇಲೆ. ಮರದ ಕ್ಲಾರಿನೆಟ್ ಇದ್ದರೆ ಬಿಸಿಲಲ್ಲಿ ನಿಂತ ಟೆಂಪೋದಲ್ಲಿ ಬಿಡಬೇಡಿ, ಮೇಲಿನ ಜಾಯಿಂಟ್ ಸೀಳುತ್ತದೆ.