ಕಂಪ್ಯೂಟರಿಗೆ ಸುಳ್ಳು ತಾರೀಖು ಹೇಳಿ ತಂತ್ರಾಂಶ ಪರೀಕ್ಷಿಸುವುದು ಹೇಗೆ? ಅನುಭವ ಇದ್ದವರು ತಿಳಿಸಿ

ತುಂಗಾತೀರ:
ನಾವು ನಾಲ್ಕು ಜನ ಸೇರಿ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಸಾಲದ ಲೆಕ್ಕ ಇಡುವ ತಂತ್ರಾಂಶ ಬರೆಯುತ್ತಿದ್ದೇವೆ. ಮಾರ್ಚ್ 31ರ ವರ್ಷಾಂತ್ಯ, ವಾಯಿದೆ ಮೀರಿದ ಸಾಲದ ಬಡ್ಡಿ, ಫೆಬ್ರವರಿ 29 ಇವನ್ನೆಲ್ಲ ಆ ದಿನ ಬರುವ ಮೊದಲೇ ಪರೀಕ್ಷಿಸಬೇಕು. ಇದುವರೆಗೆ ಲ್ಯಾಪ್‌ಟಾಪಿನ ಗಡಿಯಾರವನ್ನೇ ಮುಂದಕ್ಕೆ ತಿರುಗಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಇವತ್ತಿಗೆ ಮರಳುತ್ತದೆ. ಮರಳದಂತೆ ಮಾಡಿದರೆ, ಜಾಲತಾಣಗಳ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದುಕೊಂಡು ಬ್ರೌಸರ್ ಯಾವುದನ್ನೂ ತೆರೆಯುವುದಿಲ್ಲ. ಸರ್ವರ್ ಲಿನಕ್ಸ್, ಪ್ರೋಗ್ರಾಂ ಜಾವಾ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಈ ಕೆಲಸ ಮಾಡಿ ನೋಡಿದವರು ಹೇಗೆ ಮಾಡಿದಿರಿ? ಎಲ್ಲಿ ಕೈ ಸುಟ್ಟುಕೊಂಡಿರಿ?

ರಾತ್ರಿಪಾಳಿ:
ಕೈ ಸುಟ್ಟುಕೊಂಡವರು ಮೊದಲು ಮಾತನಾಡುವುದು ಒಳ್ಳೆಯದು. ಹಿಂದೆ ನಾನಿದ್ದ ಕಂಪನಿಯಲ್ಲಿ ಪರೀಕ್ಷೆಯ ಸರ್ವರಿಗೆ ನಿಜವಾದ ಗ್ರಾಹಕರ ಡೇಟಾವನ್ನೇ ನಕಲು ಮಾಡಿ ಇಟ್ಟಿದ್ದೆವು (ಅದೇ ಮೊದಲ ತಪ್ಪು). ನವೆಂಬರಿನ ಒಂದು ಸಂಜೆ ಅದರ ಗಡಿಯಾರವನ್ನು ಮಾರ್ಚ್ 31ರ ಬೆಳಿಗ್ಗೆ 8:50ಕ್ಕೆ ಇಟ್ಟು ಕಾಫಿಗೆ ಹೋದೆ. ಯಂತ್ರದ ಲೆಕ್ಕದಲ್ಲಿ 9 ಗಂಟೆಯಾಯಿತು. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಶುರುಮಾಡುವ ಕ್ರಾನ್ ಎದ್ದು, ‘ನಿಮ್ಮ ಸಾಲದ ವಾಯಿದೆ ಇಂದು ಮುಗಿಯುತ್ತದೆ’ ಎಂಬ ಎಸ್‌ಎಂಎಸ್ ಅನ್ನು ಇನ್ನೂರಕ್ಕೂ ಹೆಚ್ಚು ಜನರಿಗೆ ಕಳಿಸಿತು. ಸಂದೇಶ ಕಳಿಸುವ ಸೇವೆಯ ಭದ್ರತಾ ಪ್ರಮಾಣಪತ್ರದ ಅವಧಿ ಮಾರ್ಚ್ ದಾಟಿ ಇತ್ತು. ಇಲ್ಲದಿದ್ದರೆ ಅದಾದರೂ ತಡೆಯುತ್ತಿತ್ತು. ಮರುದಿನ ಜನ ಪಾಸ್‌ಬುಕ್ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತಿದ್ದರು.

ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೂ ಕಾಟ ತಪ್ಪಲಿಲ್ಲ. ಮಾರ್ಚ್ ತಾರೀಖಿನ ನಾಲ್ಕು ನಮೂದುಗಳು ತಿಂಗಳುಗಟ್ಟಲೆ ಪ್ರತಿ ಪಟ್ಟಿಯ ತಲೆಯ ಮೇಲೆ ಕುಳಿತಿದ್ದವು. ಆದ್ದರಿಂದ ಗಡಿಯಾರ ಮುಟ್ಟುವ ಮೊದಲು ಆ ಯಂತ್ರದಿಂದ ಹೊರಗೆ ಹೋಗುವ ದಾರಿಗಳನ್ನೆಲ್ಲ ಮುಚ್ಚಿ: ಎಸ್‌ಎಂಎಸ್, ಮಿಂಚಂಚೆ, ಹಣ ಪಾವತಿ. ಡೇಟಾದಲ್ಲಿರುವ ಮೊಬೈಲ್ ಸಂಖ್ಯೆಗಳನ್ನು ಅಳಿಸಿ.

ಬೆಣ್ಣೆದೋಸೆ:
ತುಂಗಾತೀರ ಅವರೇ, ನಿಮ್ಮ ಗಡಿಯಾರ ಮರಳುವುದಕ್ಕೆ ಕಾರಣ ಎನ್‌ಟಿಪಿ. ಯಂತ್ರ ಆಗಾಗ ಜಾಲದಲ್ಲಿರುವ ಸರ್ವರನ್ನು ಸಮಯ ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ಅದನ್ನು ನಿಲ್ಲಿಸಬಹುದು, ಆದರೆ ಇಡೀ ಯಂತ್ರಕ್ಕೆ ಸುಳ್ಳು ಹೇಳುವ ಅಗತ್ಯವೇ ಇಲ್ಲ. ಒಂದೇ ಪ್ರೋಗ್ರಾಂಗೆ ಹೇಳಿದರೆ ಸಾಕು.

ಲಿನಕ್ಸಿನಲ್ಲಿ ಇದಕ್ಕೆ ಲಿಬ್‌ಫೇಕ್‌ಟೈಮ್ ಇದೆ. ಪ್ರೋಗ್ರಾಂ ಸಮಯ ಕೇಳಿದಾಗ ಆ ಪ್ರಶ್ನೆ ಸಿಸ್ಟಂ ಲೈಬ್ರರಿಗೆ ಹೋಗುತ್ತದಲ್ಲ, ಇದು ನಡುವೆ ನಿಂತು ತಾನೇ ಉತ್ತರ ಕೊಡುತ್ತದೆ. ದಿನಾಂಕವನ್ನು ಹಾಗೆಯೇ ಕೊಟ್ಟರೆ ಗಡಿಯಾರ ಅಲ್ಲೇ ಹೆಪ್ಪುಗಟ್ಟುತ್ತದೆ. ಮುಂದೆ @ ಚಿಹ್ನೆ ಇಟ್ಟರೆ ಆ ಕ್ಷಣದಿಂದ ಓಡಲು ಶುರುಮಾಡುತ್ತದೆ. ಮಧ್ಯರಾತ್ರಿ ದಾಟುವುದನ್ನು ನೋಡಬೇಕಾದರೆ @ ಬೇಕೇ ಬೇಕು: ಮಾರ್ಚ್ 31ರ 23:59:30ಕ್ಕೆ ಬಿಟ್ಟು ಅರ್ಧ ನಿಮಿಷ ಕಾಯಿರಿ. ಹತ್ತು ಪಟ್ಟು ವೇಗದಲ್ಲಿ ಓಡಿಸುವುದೂ ಸಾಧ್ಯ.

ನಿಮಗೆ ಅಡ್ಡ ಬರುವುದು ಎರಡು. ಜಾವಾ ಒಳಗೊಳಗೇ ಇನ್ನೊಂದು ಗಡಿಯಾರ ನೋಡುತ್ತದೆ, ಕಳೆದ ಅವಧಿಯನ್ನಷ್ಟೇ ಅಳೆಯುವ ಮೊನೊಟಾನಿಕ್ ಗಡಿಯಾರ. ಅದಕ್ಕೂ ಸುಳ್ಳು ಹೇಳಿದರೆ ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಂಡು ನಿಲ್ಲಬಹುದು. ಅದನ್ನು ಮುಟ್ಟಬೇಡ ಎಂದು ಹೇಳುವ ಆಯ್ಕೆ ಲಿಬ್‌ಫೇಕ್‌ಟೈಮ್‌ನಲ್ಲಿದೆ, ಹಾಕಿಕೊಳ್ಳಿ. ಇನ್ನೊಂದು, ಪೋಸ್ಟ್‌ಗ್ರೆಸ್ ಬೇರೆಯೇ ಪ್ರೋಗ್ರಾಂ. ಜಾವಾ ಏಪ್ರಿಲ್‌ನಲ್ಲಿದ್ದರೂ ಟೇಬಲ್‌ನಲ್ಲಿ ತಾರೀಖು ಕೊಡದಿದ್ದಾಗ ತಾನಾಗಿ ತುಂಬುವ ‘ನೌ’ (ಈಗ) ಎಂಬ ಡೀಫಾಲ್ಟ್ ಇವತ್ತಿನ ತಾರೀಖನ್ನೇ ಬರೆಯುತ್ತದೆ. ಒಂದೇ ವೋಚರಿನಲ್ಲಿ ಎರಡು ವರ್ಷಗಳು ಕಾಣುತ್ತವೆ. ಅದನ್ನೂ ಸುಳ್ಳು ಸಮಯದ ಕೆಳಗೇ ಶುರುಮಾಡಬೇಕು.

ಮುಂದೆ ಯಾರಾದರೂ ಗೋ ಭಾಷೆಯಲ್ಲಿ ಬರೆದರೆ ಈ ಉಪಾಯ ನಡೆಯುವುದಿಲ್ಲ. ಗೋ ಸಮಯ ಕೇಳಲು ಆ ಲೈಬ್ರರಿಯ ಬಾಗಿಲಿಗೆ ಬರುವುದೇ ಇಲ್ಲ.

ಗುಬ್ಬಚ್ಚಿ:
ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಇದೆಯಲ್ಲ, ಅದರೊಳಗೆ ಗಡಿಯಾರ ಬದಲಿಸಿದರೆ ಆಗುವುದಿಲ್ಲವೇ? ಹೊರಗಿನ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ ಎಂದುಕೊಂಡಿದ್ದೆ.

ಬೆಣ್ಣೆದೋಸೆ:
ಆಗುವುದಿಲ್ಲ. ಕಂಟೇನರಿಗೆ ಸ್ವಂತ ಗಡಿಯಾರವಿಲ್ಲ, ಒಳಗೂ ಹೊರಗೂ ಕರ್ನಲ್ (ಲಿನಕ್ಸಿನ ತಿರುಳು) ಒಂದೇ. ಸಾಮಾನ್ಯವಾಗಿ ಬದಲಿಸುವ ಅನುಮತಿಯೇ ಇರುವುದಿಲ್ಲ; ಕೊಟ್ಟರೆ ಹೊರಗಿನ ಯಂತ್ರದ ತಾರೀಖೂ ಹೋಯಿತು. 2020ರ ಲಿನಕ್ಸ್ 5.6ರಲ್ಲಿ ಕಂಟೇನರಿಗೆ ಬೇರೆ ಸಮಯ ತೋರಿಸುವ ಟೈಮ್ ನೇಮ್‌ಸ್ಪೇಸ್ ಬಂತು, ಅದು ಕೂಡ ಮೊನೊಟಾನಿಕ್ ಮತ್ತು ಬೂಟ್ ಗಡಿಯಾರಗಳಿಗೆ ಮಾತ್ರ, ತಾರೀಖು ಹೇಳುವ ಗಡಿಯಾರಕ್ಕಲ್ಲ. ಪೂರ್ತಿ ಬೇರೆ ಗಡಿಯಾರ ಬೇಕಾದರೆ ವರ್ಚುವಲ್ ಮಷಿನ್ (ಯಂತ್ರದೊಳಗೆ ಓಡುವ ಇನ್ನೊಂದು ಯಂತ್ರ) ಹಾಕಿ. ಆಗಲೂ ಹೊರಗಿನ ಯಂತ್ರದ ಜೊತೆ ಸಮಯ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ನಿಲ್ಲಿಸಬೇಕು.

ಹಾಲಿನ ಲೆಕ್ಕ:
ತಾರೀಖಿನ ಬಗ್ಗೆ ಹೇಳಿದಿರಿ, ಗಂಟೆಯನ್ನು ಮರೆಯಬೇಡಿ. ನಾನು ಹಳ್ಳಿಯ ಡೇರಿಗಳಿಗೆ ತಂತ್ರಾಂಶ ಕೊಡುತ್ತೇನೆ. ಒಂದು ಡೇರಿಯ ಕಾರ್ಯದರ್ಶಿ ಫೋನ್ ಮಾಡಿ, ‘ಸರ್, ನಿನ್ನೆ ಒಬ್ಬ ಮೂರು ಹೊತ್ತು ಹಾಲು ಹಾಕಿದ್ದಾನೆ ಎಂದು ತೋರಿಸುತ್ತಿದೆ, ಇವತ್ತು ಬೆಳಿಗ್ಗೆಯದ್ದೇ ಇಲ್ಲ’ ಎಂದರು. ನಾನು ನಂಬಲಿಲ್ಲ. ಕಚೇರಿಯಲ್ಲಿ ಹತ್ತು ಸಲ ಹಾಲು ಹಾಕಿ ನೋಡಿದೆ, ಹತ್ತು ಸಲವೂ ಸರಿ. ನಾನು ಪರೀಕ್ಷೆ ಮಾಡುತ್ತಿದ್ದದ್ದು ಬೆಳಿಗ್ಗೆ 11 ಗಂಟೆಗೆ. ಆ ರೈತ ಅವತ್ತು ಹಾಲು ತಂದದ್ದು ಎಂದಿಗಿಂತ ಬೇಗ, 5:10ಕ್ಕೆ.

ಸರ್ವರ್ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ 5:30ರವರೆಗೆ ಸರ್ವರಿಗೆ ಇನ್ನೂ ನಿನ್ನೆ. 5:29ರ ಹಾಲು ನಿನ್ನೆಯದು, 5:30ರ ಹಾಲು ಇವತ್ತಿನದು! ಬಟವಾಡೆ ಪಟ್ಟಿ ಬದಲಾಗುವ ದಿನವಾಗಿದ್ದರೆ ದುಡ್ಡೇ ಹಿಂದಿನ ಬಟವಾಡೆಗೆ ಹೋಗುತ್ತಿತ್ತು. ನಿಮ್ಮಲ್ಲಿ ಅದೇ ತಪ್ಪಿದ್ದರೆ ಏಪ್ರಿಲ್ 1ರ ನಸುಕಿನ ನಮೂದು ಹಳೆಯ ಹಣಕಾಸು ವರ್ಷಕ್ಕೆ ಸೇರುತ್ತದೆ. ಸುಳ್ಳು ಗಡಿಯಾರವನ್ನು 5:29:50ಕ್ಕೆ ಇಟ್ಟು ಒಮ್ಮೆ ಓಡಿಸಿ. ‘ಇಂದು ಯಾವ ದಿನ’ ಎಂದು ಕೇಳುವ ಕಡೆಯಲ್ಲೆಲ್ಲ ವಲಯವನ್ನು ಏಷ್ಯಾ/ಕೋಲ್ಕತಾ ಎಂದು ಬರೆದೇ ಕೇಳಿ. ಸರ್ವರಿನ ಮರ್ಜಿಗೆ ಬಿಡಬೇಡಿ.

ಹಳೇ ಕ್ಯಾಷಿಯರ್:
ನಾನು ಪ್ರೋಗ್ರಾಂ ಬರೆಯುವವನಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಿವೃತ್ತನಾದವನು. ನಮ್ಮಲ್ಲಿ ಗೋಡೆಯ ಗಡಿಯಾರ ಒಂದು ಹೇಳಿದರೆ ಬ್ಯಾಂಕಿನ ತಾರೀಖು ಇನ್ನೊಂದು ಹೇಳುತ್ತಿತ್ತು. ಬೆಳಿಗ್ಗೆ ದಿನ ತೆರೆಯುವುದು, ಸಂಜೆ ನಗದು ತಾಳೆಯಾದ ಮೇಲೆ ದಿನ ಮುಚ್ಚುವುದು. ವರ್ಷಾಂತ್ಯದಲ್ಲಿ ಎಷ್ಟೋ ಸಲ ಬೆಳಗಿನ ಜಾವದವರೆಗೆ ಕುಳಿತಿದ್ದೇವೆ. ಹೊರಗೆ ಏಪ್ರಿಲ್ 1, ಕಂಪ್ಯೂಟರಿನಲ್ಲಿ ಮಾರ್ಚ್ 31. ದಿನ ಮುಚ್ಚಿದ ಮೇಲೆಯೇ ತಾರೀಖು ಮಗುಚುತ್ತಿದ್ದದ್ದು. ಹಾಗಿರುವಾಗ ನಿಮ್ಮ ತಂತ್ರಾಂಶ ತಾರೀಖನ್ನು ಗಡಿಯಾರದ ಹತ್ತಿರ ಏಕೆ ಕೇಳುತ್ತದೆ? ದಿನವಹಿಯ ಹತ್ತಿರ ಕೇಳಬೇಕಲ್ಲವೇ?

ಬೆಣ್ಣೆದೋಸೆ:
ಕ್ಯಾಷಿಯರ್ ಸರ್, ನೀವು ಹೇಳಿದ್ದನ್ನು ಓದಿದ ಮೇಲೆ ನನ್ನ ಮೊದಲ ಉತ್ತರವನ್ನು ಎರಡನೆಯ ಸ್ಥಾನಕ್ಕೆ ಇಳಿಸುತ್ತೇನೆ.

ತುಂಗಾತೀರ ಅವರೇ, ವಹಿವಾಟಿನ ದಿನಾಂಕವನ್ನು ಟೇಬಲಿನ ಒಂದು ಸಾಲಿನಲ್ಲಿ ಇಡಿ. ಬಡ್ಡಿ, ವಾಯಿದೆ, ವರ್ಷಾಂತ್ಯ ಎಲ್ಲವೂ ಅದನ್ನೇ ಓದಲಿ. ಪರೀಕ್ಷೆಗೆ ಆ ಸಾಲನ್ನು ಬದಲಿಸಿದರೆ ಮುಗಿಯಿತು, ಯಾವ ಗಡಿಯಾರಕ್ಕೂ ಕೈ ಹಾಕಬೇಕಾಗಿಲ್ಲ. ನಮೂದು ನಿಜವಾಗಿ ಯಾವ ಕ್ಷಣದಲ್ಲಿ ಆಯಿತು ಎಂಬುದನ್ನು ಬೇರೆ ಕಾಲಂನಲ್ಲಿ ದಾಖಲಿಸಿ, ಲೆಕ್ಕಪರಿಶೋಧಕರು ಅದನ್ನೇ ಕೇಳುತ್ತಾರೆ. ಲಾಗಿನ್ ಅವಧಿಯಂತಹ ಕಡೆ ನಿಜವಾದ ಗಡಿಯಾರ ಬೇಕಾದಲ್ಲಿ ಜಾವಾ 8ರಿಂದ ಇರುವ ‘ಕ್ಲಾಕ್’ ಎಂಬ ಕ್ಲಾಸನ್ನು ಹೊರಗಿನಿಂದ ಕೊಡಿ. ಪರೀಕ್ಷೆಯಲ್ಲಿ ನಿಂತ ಗಡಿಯಾರ, ಕೆಲಸದಲ್ಲಿ ಓಡುವ ಗಡಿಯಾರ. ಕೋಡ್ ಪೂರ್ತಿ ಹುಡುಕಿ, ಏನನ್ನೂ ಕೊಡದೆ ‘ನೌ’ ಎಂದು ಕೇಳಿದ ಜಾಗಗಳನ್ನೆಲ್ಲ ಪಟ್ಟಿ ಮಾಡಿಕೊಳ್ಳಿ. ಡೇಟಾಬೇಸಿಗೆ ಕೊಡುವ ಆದೇಶಗಳ, ಅಂದರೆ ಎಸ್‌ಕ್ಯುಎಲ್ ಒಳಗೆ ಅಡಗಿರುವುದನ್ನು ಬಿಡಬೇಡಿ. ಲಿಬ್‌ಫೇಕ್‌ಟೈಮ್ ಬೇಕಾಗುವುದು ಕೊನೆಗೆ, ಯಾವುದಾದರೂ ಜಾಗ ತಪ್ಪಿಸಿಕೊಂಡಿದೆಯೇ ಎಂದು ನೋಡಲು.

ಮಲೆನಾಡ ಮಳೆ:
ಪರೀಕ್ಷೆಗೆ ಇನ್ನೆರಡು ತಾರೀಖು. 2038ರ ಜನವರಿ 19, ನಮ್ಮ ಸಮಯ ಬೆಳಿಗ್ಗೆ 8:44:07: 32 ಬಿಟ್‌ನಲ್ಲಿ ಸೆಕೆಂಡು ಎಣಿಸುವ ಗಡಿಯಾರಗಳು ಅಲ್ಲಿ ತುಂಬಿ ತುಳುಕುತ್ತವೆ. ಬಹಳ ದೂರವಿದೆ ಎನ್ನಬೇಡಿ. ಹದಿನೈದು ವರ್ಷದ ಸಾಲವನ್ನು ಇವತ್ತು ಕೊಟ್ಟರೆ ಕೊನೆಯ ಕಂತು ಆ ದಿನವನ್ನು ದಾಟಿಯೇ ಬೀಳುತ್ತದೆ. ಇದಕ್ಕೆ ಗಡಿಯಾರ ತಿರುಗಿಸುವುದೂ ಬೇಡ, ಸಾಲ ನಮೂದಿಸಿ ನೋಡಿ.

ಇನ್ನೊಂದು ಫೆಬ್ರವರಿ 29. 2012ರಲ್ಲಿ ಆ ದಿನ ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಅಜೂರ್ ಮಲಗಿತು. ಒಂದು ವರ್ಷದ ಪ್ರಮಾಣಪತ್ರ ತಯಾರಿಸುವಾಗ ವರ್ಷದ ಅಂಕಿಗೆ ಒಂದು ಕೂಡಿಸಿದ್ದರು. ಬಂದದ್ದು 2013ರ ಫೆಬ್ರವರಿ 29, ಇಲ್ಲದ ದಿನ.

ತುಂಗಾತೀರ:
ಎಲ್ಲರಿಗೂ ವಂದನೆಗಳು. ಮೊದಲು ಮಾಡಿದ ಕೆಲಸ ಪರೀಕ್ಷೆಯ ಡೇಟಾಬೇಸಿನಿಂದ ಮೊಬೈಲ್ ಸಂಖ್ಯೆಗಳನ್ನು ಅಳಿಸಿದ್ದು. ಆಮೇಲೆ ಹುಡುಕಿದರೆ ಗಡಿಯಾರವನ್ನು ನೇರವಾಗಿ ಕೇಳುವ ಜಾಗಗಳು 43 ಸಿಕ್ಕವು, ಅದರಲ್ಲಿ 9 ಎಸ್‌ಕ್ಯುಎಲ್ ಒಳಗೆ. ಎಲ್ಲವನ್ನೂ ವಹಿವಾಟಿನ ದಿನಾಂಕಕ್ಕೆ ತಿರುಗಿಸಿ, 2027ರ ಜನವರಿಯಿಂದ ತಿಂಗಳು ತಿಂಗಳು ಮುಂದೆ ತಳ್ಳುತ್ತಾ ಹೋದೆವು. ಮೂರನೆಯ ತಿಂಗಳಿಗೇ ಒಂದು ಹುಳು (ಪ್ರೋಗ್ರಾಮಿನ ದೋಷ) ಹೊರಗೆ ಬಂತು. ಜನವರಿ 31ರ ಕಂತು ಫೆಬ್ರವರಿಯಲ್ಲಿ 28ಕ್ಕೆ ಬಂತು, ಅದು ಸರಿಯೇ. ಮಾರ್ಚ್‌ನಲ್ಲೂ 28ರಂದೇ ನಿಂತಿತು. ಹಿಂದಿನ ಕಂತಿಗೆ ಒಂದು ತಿಂಗಳು ಕೂಡಿಸುತ್ತಿದ್ದೆವು. ಈಗ ಮೊದಲ ಕಂತಿನಿಂದ ಎಣಿಸುತ್ತಿದ್ದೇವೆ. ಕಡೆಗೆ ಲಿಬ್‌ಫೇಕ್‌ಟೈಮ್ ಹಾಕಿ 5:29:50 ದಾಟಿಸಿದಾಗ ರಸೀದಿ ಮುದ್ರಿಸುವ ಭಾಗದಲ್ಲಿ ಇನ್ನೊಂದು ಸಿಕ್ಕಿತು.

ಒಂದು ಮಾತ್ರ ಉಳಿದಿದೆ. ಒಂದು ಲಕ್ಷಕ್ಕೆ ಶೇ 12ರಂತೆ ದಿನದ ಬಡ್ಡಿ 365ರಿಂದ ಭಾಗಿಸಿದರೆ 32 ರೂಪಾಯಿ 88 ಪೈಸೆ, 366ರಿಂದ ಭಾಗಿಸಿದರೆ 32 ರೂಪಾಯಿ 79 ಪೈಸೆ. 2027ರ ನವೆಂಬರ್ ತಿಂಗಳಿಗೆ ಯಾವುದು? ಕ್ಯಾಲೆಂಡರ್ ನೋಡಿದರೆ ಅದು 365 ದಿನದ ವರ್ಷ, ಹಣಕಾಸು ವರ್ಷ ನೋಡಿದರೆ 2028ರ ಫೆಬ್ರವರಿ 29 ಒಳಗೆ ಸೇರಿ 366. ಇಬ್ಬರು ಕಾರ್ಯದರ್ಶಿಗಳನ್ನು ಕೇಳಿದೆ, ಎರಡು ಉತ್ತರ ಬಂದವು. ಇಬ್ಬರಿಗೂ ಲಿಖಿತವಾಗಿ ಕೊಡಿ ಎಂದಿದ್ದೇನೆ.