ಅಪ್‌ಡೇಟ್: ಚಳ್ಳಕೆರೆ ಎಣ್ಣೆ ಮಿಲ್‌ಗಳ ಪಟ್ಟಿ

ಚಳ್ಳಕೆರೆ ಎಣ್ಣೆ ಮಿಲ್‌ಗಳಿಗೆ ಫಿಲ್ಟರ್ ಬಟ್ಟೆ ಮಾರಲು ಗಿರಾಕಿಗಳ ಪಟ್ಟಿ ಹೇಗೆ ಮಾಡೋದು ಅಂತ ಕೇಳಿದ್ದೆನಲ್ಲ, ಅದು ಒಂದು ಹದಕ್ಕೆ ಬಂತು.

ದೊಡ್ಡ ತೊಡಕು ಅಂದ್ರೆ ಒಬ್ಬರೇ ಮಾಲೀಕರು ಎರಡು ಮೂರು ಹೆಸರಲ್ಲಿ ಬರೋದು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ 3ರಿಂದ 12ರವರೆಗಿನದು ಮಾಲೀಕರ ಪ್ಯಾನ್ (ಆದಾಯ ತೆರಿಗೆ ಸಂಖ್ಯೆ), ಅಂಗಡಿ ಹೆಸರು ಬೇರೆಯಾದರೂ ಅದು ಒಂದೇ. ಆ ಹತ್ತನ್ನು ಬೇರೆ ಕಾಲಂಗೆ ತೆಗೆದು ವಿಂಗಡಿಸಿದರೆ ನಕಲು ಸಿಕ್ಕಿಬೀಳುತ್ತೆ. (ಪಾಲುದಾರಿಕೆ ಸಂಸ್ಥೆಗೆ ಪ್ಯಾನೇ ಬೇರೆ, ಅಲ್ಲಿ ಈ ಉಪಾಯ ನಡೆಯಲ್ಲ, ವಿಳಾಸ, ಫೋನ್ ನಂಬರ್ ತಾಳೆ ನೋಡಬೇಕು.) ಜಿಎಸ್‌ಟಿ ಪೋರ್ಟಲಲ್ಲಿ ನೋಂದಣಿ ರದ್ದು ಅಂತ ಬಂದರೆ ಆ ಸಾಲನ್ನೇ ಅಳಿಸಿ.

ಉಳಿದವರಿಗೆ ಫೋನಲ್ಲಿ ಎರಡೇ ಪ್ರಶ್ನೆ: ಫಿಲ್ಟರ್ ಪ್ರೆಸ್ಸಿನ (ಎಣ್ಣೆ ಸೋಸೋ ಯಂತ್ರ, ಬಟ್ಟೆ ಹಾಕೋದು ಇದರ ಪ್ಲೇಟುಗಳಿಗೆ) ಪ್ಲೇಟ್ ಯಾವ ಅಳತೆ, ಎಷ್ಟು ಪ್ಲೇಟು? ಹೊಸ ಶೇಂಗಾ ಬರೋ ಮುಂಚೆ, ಸೆಪ್ಟೆಂಬರಲ್ಲೇ ಕೇಳಿ. ಸೀಸನ್ ಶುರುವಾದ ಮೇಲೆ ಫೋನ್ ಎತ್ತೋರಿಲ್ಲ.