91ಕ್ಕೂ 42ಕ್ಕೂ ನಡುವೆ ಇರುವುದೇನು?

ತೊಗರಿ ಕಣಜ:
2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ–1ರ ಫಲಿತಾಂಶ ಬಂದಿದೆ. ದಕ್ಷಿಣ ಕನ್ನಡ ಶೇ 91.12, ನಮ್ಮ ಕಲಬುರಗಿ ಶೇ 42.43. ಅದೇ ಪ್ರಶ್ನೆಪತ್ರಿಕೆ, ಅದೇ ಪಠ್ಯಪುಸ್ತಕ, ಅದೇ ಗಡಿಯಾರ. ನಿನ್ನೆ ಮದುವೆಮನೆಯಲ್ಲಿ ಹಿರಿಯರೊಬ್ಬರು «ನಮ್ಮ ಹುಡುಗರ ತಲೆಯೇ ಅಷ್ಟು» ಎಂದು ತೀರ್ಪು ಕೊಟ್ಟು ಎಲೆಗೆ ಸುಣ್ಣ ಹಚ್ಚಿಕೊಂಡರು. ನನಗೆ ಊಟ ಇಳಿಯಲಿಲ್ಲ. ತಲೆಯಲ್ಲದಿದ್ದರೆ ಮತ್ತೇನು, ಬಲ್ಲವರು ಹೇಳಿ.

ಗುಡ್ಡದ ಗಾಳಿ:
ಏನಿದೆ ಇದರಲ್ಲಿ? ಮೊಬೈಲ್ ಕಿತ್ತಿಟ್ಟು ಕೂರಿಸಿ ಓದಿಸಿ. ನಾನು ಬೀದಿದೀಪದ ಕೆಳಗೆ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವನು. ಮನಸ್ಸಿದ್ದರೆ ಮಾರ್ಗ.

ಲೆಕ್ಕದ ಗೀಟು:
ಬೀದಿದೀಪದ ಕೆಳಗೆ ಓದಿ ಪಾಸಾದವರು ಎಲ್ಲ ಚರ್ಚೆಯಲ್ಲೂ ಸಿಗುತ್ತಾರೆ. ಅದೇ ದೀಪದ ಕೆಳಗೆ ಓದಿ ಫೇಲಾದವರು ಇಲ್ಲಿ ಬರೆಯಲು ಬರುವುದಿಲ್ಲ, ಅಷ್ಟೇ.

ಮೊದಲು ಆ ಅಂಕಿಗಳನ್ನೇ ಅನುಮಾನದಿಂದ ನೋಡೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89, ಮೊದಲ ಸ್ಥಾನ ಚಿತ್ರದುರ್ಗಕ್ಕೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಚಿತ್ರದುರ್ಗ ಬಹಳ ಕೆಳಗೆ ಜಾರಿತು, ಉಡುಪಿ ಶೇ 94ರೊಂದಿಗೆ ಮೇಲೆ ಬಂತು. ಒಂದೇ ವರ್ಷದಲ್ಲಿ ಮಕ್ಕಳ ತಲೆ ಬದಲಾಗುತ್ತದೆಯೇ? ಬದಲಾದದ್ದು ಮೇಲ್ವಿಚಾರಣೆ. 2021ರ ಕೊರೊನಾ ಕಾಲದಲ್ಲಿ ಬಹು ಆಯ್ಕೆಯ ಪ್ರಶ್ನೆ ಕೊಟ್ಟಾಗ ಹೆಚ್ಚುಕಡಿಮೆ ಎಲ್ಲರೂ ಪಾಸಾಗಿರಲಿಲ್ಲವೇ? ಅಂಕ ಎನ್ನುವುದು ಮಗುವನ್ನಷ್ಟೇ ಅಳೆಯುವುದಿಲ್ಲ, ಅಳತೆಗೋಲನ್ನೂ ಅಳೆಯುತ್ತದೆ.

ತೊಗರಿ ಕಣಜ:
ಒಪ್ಪಿದೆ. ಆದರೆ ಕ್ಯಾಮೆರಾ ಮಂಗಳೂರಿನಲ್ಲೂ ಇತ್ತು. ನಕಲು ನಿಂತ ಮೇಲೂ 91 ಹೇಗೆ ಉಳಿಯಿತು?

ನೇತ್ರಾವತಿ ದಡ:
ಕರಾವಳಿಯವಳಾಗಿ ಹೇಳುತ್ತೇನೆ, ನಮಗೇನೂ ಎರಡು ಮಿದುಳಿಲ್ಲ. ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು, ಆದರೆ ಓದು ಬರುತ್ತಿತ್ತು. ಮೊಮ್ಮಕ್ಕಳ ಪಾಠವನ್ನು ಬೀಡಿಯ ಮೊರದ ಮೇಲಿನಿಂದ ತಲೆಯೆತ್ತದೆ ತಿದ್ದುತ್ತಿದ್ದರು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಶಾಲೆ ಎನ್ನುವುದು ನಮ್ಮ ಕಡೆ ಹಳೆಯ ನೆಂಟ. ಕಲಬುರಗಿ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, ಸರ್ಕಾರದ ಭಾಷೆ ಉರ್ದು. ಕನ್ನಡದ ಮನೆಯ ಮಗುವಿಗೆ ಶಾಲೆ ಎಂದರೆ ಪರಭಾಷೆಯ ಬಾಗಿಲು. ಪರೀಕ್ಷೆಗೆ ಕೂರುವುದು ಮಗು ಒಂದೇ ಆದರೂ ಅದರ ಹಿಂದೆ ಎರಡು ತಲೆಮಾರು ಕೂತಿರುತ್ತದೆ.

ಗುಡ್ಡದ ಗಾಳಿ:
ನಿಜಾಮ ಹೋಗಿ ಮುಕ್ಕಾಲು ಶತಮಾನವಾಯಿತು. ಆ ಭಾಗಕ್ಕೆ ಸಂವಿಧಾನದ ವಿಶೇಷ ಸ್ಥಾನಮಾನ, 371(ಜೆ), ಬಂತು, ಅನುದಾನ ಬಂತು. ಇನ್ನೂ ಎಷ್ಟು ದಿನ ಇತಿಹಾಸದ ಮೇಲೆ ಹಾಕುತ್ತೀರಿ?

ಬಿಸಿಲೂರ ಮೇಷ್ಟ್ರು:
ಇತಿಹಾಸ ಬಿಡಿ, ಕಳೆದ ನವೆಂಬರ್‌ಗೆ ಬನ್ನಿ. ನಾನು ಯಾದಗಿರಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳುತ್ತೇನೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಾಜರಿ ಪುಸ್ತಕದಲ್ಲಿ ಗೈರಿನ ಗುರುತೇ ಹೆಚ್ಚು. ಕೆಲವರ ಮನೆಗೆ ಬೀಗ. ಇಡೀ ಕುಟುಂಬ ಗುಳೆ ಹೋಗಿರುತ್ತದೆ, ಬೆಂಗಳೂರಿಗೋ ಪುಣೆಗೋ. ಹುಡುಗ ಮರಳುವುದು ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ. ಆಗ ನಾವು ಮಾಡುವುದೇನು? «ಪಾಸಿಂಗ್ ಪ್ಯಾಕೇಜ್» ಕೈಗಿಡುವುದು. ಇದಿಷ್ಟು ಬಾಯಿಪಾಠ ಮಾಡು, ದಾಟಿಕೊಳ್ಳುತ್ತೀಯೆ ಎನ್ನುವುದು.

ಒಬ್ಬ ಹುಡುಗನ ಮಾತು ಹೇಳುತ್ತೇನೆ. ಸಮಾಂತರ ಶ್ರೇಢಿಯ ಲೆಕ್ಕ ಕೊಟ್ಟಿದ್ದೆ: ಕೂಲಿಯವನೊಬ್ಬ ಮೊದಲ ದಿನ 10 ಕೆ.ಜಿ. ಹತ್ತಿ ಬಿಡಿಸುತ್ತಾನೆ, ದಿನಕ್ಕೆ 3 ಕೆ.ಜಿ.ಯಂತೆ ಹೆಚ್ಚಿಸುತ್ತಾ ಹೋದರೆ 12ನೆಯ ದಿನ ಎಷ್ಟು? ಅವನಿಗಾಗಿಯೇ ಹತ್ತಿಯ ಲೆಕ್ಕ ಬರೆದಿದ್ದೆ. ಹಾಳೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದ. «ಹನ್ನೆರಡನೆಯ» ಎನ್ನುವಷ್ಟರಲ್ಲಿ «ಮೊದಲ ದಿನ» ಮರೆತಿತ್ತು. ಹಾಳೆ ಕಿತ್ತುಕೊಂಡು ನಾನೇ ಗಟ್ಟಿಯಾಗಿ ಓದಿದೆ. ಬೆರಳು ಮಡಿಸಿ, «ನಲವತ್ತಮೂರು ಸರ್» ಎಂದ. ಸೂತ್ರವಿಲ್ಲ, ಪೆನ್ನಿಲ್ಲ.

ಗಣಿತದಲ್ಲಿ ಫೇಲ್ ಎಂದು ಅವನ ಅಂಕಪಟ್ಟಿ ಹೇಳುತ್ತದೆ. ಅವನು ಫೇಲಾದದ್ದು ಕನ್ನಡ ಓದುವುದರಲ್ಲಿ, ಅದೂ ಮೂರನೆಯ ತರಗತಿಯಲ್ಲಿ. ನಮಗೆ ತಿಳಿಯಲು ಏಳು ವರ್ಷ ಬೇಕಾಯಿತು.

ಗುಡ್ಡದ ಗಾಳಿ:
ಮೇಷ್ಟ್ರೇ, ಇದು ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ: ಅಲ್ಲಿಯವರೆಗೆ ಅವನನ್ನು ಮುಂದಕ್ಕೆ ತಳ್ಳುತ್ತಾ ಬಂದವರು ಯಾರು?

ಬಿಸಿಲೂರ ಮೇಷ್ಟ್ರು:
ನಾವೇ. ಜೂನ್ ಕಳೆದ ಮೇಲೆ ಬಂದು ಮಾರ್ಚ್‌ನಲ್ಲಿ ಹೋಗುವ ಅತಿಥಿ ಶಿಕ್ಷಕರು ವರ್ಷ ವರ್ಷ ಬದಲಾಗುತ್ತಾರೆ. ಅವನು ಯಾರಿಗೂ ಎರಡು ವರ್ಷ ಪರಿಚಿತನಾಗಿರಲಿಲ್ಲ.

ಹತ್ತನೆಯ ತರಗತಿಯ ತಾಯಿ:
ನಮ್ಮದು ಬೆಂಗಳೂರು. ಗುಳೆಯಿಲ್ಲ, ಶಿಕ್ಷಕರ ಕೊರತೆಯಿಲ್ಲ, ಟ್ಯೂಷನ್ ಎರಡೆರಡು. ಮಗಳು ರಾತ್ರಿ ಹನ್ನೊಂದರವರೆಗೆ ಓದಿ ಮತ್ತೆ ನಾಲ್ಕಕ್ಕೆ ಏಳುತ್ತಿದ್ದಳು. ಪುಸ್ತಕದ ತುಂಬ ಹಳದಿ ಗೆರೆ. ಪರೀಕ್ಷೆಯಲ್ಲಿ ಮಾತ್ರ «ಆ ಪುಟ ಕಣ್ಣಿಗೆ ಕಾಣುತ್ತಿತ್ತು ಅಮ್ಮ, ಬರೆದದ್ದು ಕಾಣಲಿಲ್ಲ» ಎಂದಳು. ಇದಕ್ಕೇನು ಹೇಳುತ್ತೀರಿ?

ಲೆಕ್ಕದ ಗೀಟು:
ಪುಟದ ಪರಿಚಯವನ್ನೇ ನೆನಪು ಎಂದುಕೊಂಡಿದ್ದಾಳೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬಿಬ್ಬರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು, ಶೇ 83ಕ್ಕೆ 71. ವಾರದ ನಂತರ ತಲೆಕೆಳಗು: ಓದಿದವರು ಶೇ 40, ಬರೆದವರು ಶೇ 61. ಹಳದಿ ಗೆರೆ ಐದು ನಿಮಿಷದ ನೆಂಟ. ಜೊತೆಗೆ ಐದು ಗಂಟೆಯ ನಿದ್ದೆ ಆ ವಯಸ್ಸಿಗೆ ಸಾಲದು. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ಆ ನಾಲ್ಕು ಗಂಟೆಯ ಅಲಾರಂ ತೆಗೆದುಬಿಡಿ.

ನೇತ್ರಾವತಿ ದಡ:
ಬಾಯಿಪಾಠದ ಮಗ್ಗಿ ಒಪ್ಪಿಸುತ್ತಿದ್ದದ್ದೂ ಇದೇ ಅಲ್ಲವೇ? ಅಜ್ಜಿಗೆ ಈ ಪ್ರಯೋಗ ಬೇಕಾಗಿರಲಿಲ್ಲ.

ತೊಗರಿ ಕಣಜ:
ಫೇಲಾದವರು ಮತ್ತೆ ಬರೆಯುವ ಪರೀಕ್ಷೆ–2 ಮೇ 26ಕ್ಕೆ ಶುರು. ನಮ್ಮ ಓಣಿಯಲ್ಲಿ ಗಣಿತ ಉಳಿಸಿಕೊಂಡವರು ಆರು ಜನ. ಸಂಜೆ ನಮ್ಮ ಕಟ್ಟೆಯ ಮೇಲೆ ಕೂರಿಸುತ್ತೇನೆ. ಮೇಷ್ಟ್ರೇ, ಯಾವ ಅಧ್ಯಾಯದಿಂದ ಹಿಡಿಯಲಿ?

ಬಿಸಿಲೂರ ಮೇಷ್ಟ್ರು:
ಮೊದಲ ಎರಡು ದಿನ ಯಾವ ಅಧ್ಯಾಯವೂ ಬೇಡ. ಪ್ರತಿಯೊಬ್ಬರ ಕೈಗೂ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಒಂದೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ. ಯಾರು ಎಲ್ಲಿ ತಡವರಿಸಿದರು ಎಂದು ಬರೆದು ಕಳುಹಿಸಿ. ಆಮೇಲೆ ಹೇಳುತ್ತೇನೆ.